ಬೆಳ್ಳಿ ಮೂಡಿತ್ತು, ಕೋಳಿ ಕೂಗಿರಲಿಲ್ಲ

ಸಂಜೆ ಐದು ದಾಟಿದ ಮೇಲೆ ಕೆಂಚನಗುಡ್ಡದ ಕೋಟೆಯ ಮಗ್ಗುಲಿನ ಬಂಡೆಗಳು ಕೂರುವಷ್ಟು ತಣ್ಣಗಾಗುತ್ತವೆ. ಎದುರಿಗೆ ತುಂಗಭದ್ರೆ, ಹೊಳೆಯಾಚೆ ರಾಯಚೂರು ಜಿಲ್ಲೆ. ನಮ್ಮ ಅಜ್ಜನ ಕಾಲಕ್ಕೆ ಆ ದಡ ನಿಜಾಮನದು, ಈ ದಡ ಮದ್ರಾಸಿನದು. ಒಂದೇ ನೀರು ಕುಡಿದು, ಒಂದೇ ಮಾತಾಡಿ, ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದ ಜನ ಜಗಳಕ್ಕೆ ಬಿದ್ದರೆ ಮಾತ್ರ ಒಬ್ಬರು ಆ ಕಡೆ ಮುಖ ಮಾಡಬೇಕಿತ್ತು, ಇನ್ನೊಬ್ಬರು ಈ ಕಡೆ. ಈಚೆ ದಡದವನ ಮೇಲ್ಮನವಿ ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಮದ್ರಾಸ್ ಹೈಕೋರ್ಟು ಸೇರುತ್ತಿತ್ತು.

ಮೊನ್ನೆ ಅದೇ ಬಂಡೆಯ ಮೇಲೆ ನನ್ನ ಜೊತೆ ಕೂತಿದ್ದವಳು ತಂಗಿಯ ಮಗಳು. ಕಾನೂನು ಓದಿ ಮುಗಿಸಿ, ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿ ಸೇರಿದ್ದಾಳೆ. ಅವಳಿಗೆ ನ್ಯಾಯಾಧೀಶೆ ಆಗಬೇಕು. ಓದು ಮುಗಿದ ತಕ್ಷಣ ಸಿವಿಲ್ ಜಡ್ಜ್ ಪರೀಕ್ಷೆ ಕಟ್ಟುವ ಲೆಕ್ಕದಲ್ಲಿದ್ದಳು. ಅಷ್ಟರಲ್ಲಿ 2025ರ ಮೇ 20ರಂದು ಸುಪ್ರೀಂ ಕೋರ್ಟು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಎಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಹುಡುಗಿಯ ಮುಖ ಸಪ್ಪಗಾಗಿತ್ತು.

"ಮಾವ, ಅಮೆರಿಕದಾಗ ಫೆಡರಲ್ ಜಡ್ಜ್ ಅಂತ ಇರ್ತಾರ. ಅವರಿಗೆ ರಿಟೈರ್‌ಮೆಂಟೇ ಇಲ್ಲಂತ. ವರ್ಗಾವಣಿನೂ ಇಲ್ಲಂತ. ಅಧ್ಯಕ್ಷರೇ ಆರಿಸ್ತಾರಂತ" ಅಂದಳು.

ಹೌದು. ಅಲ್ಲಿ ದೇಶದ ಕಾನೂನಿಗೆ ಒಂದು ಸಾಲು ಕೋರ್ಟು, ರಾಜ್ಯದ ಕಾನೂನಿಗೆ ಇನ್ನೊಂದು ಸಾಲು. ದೇಶವನ್ನು 94 ನ್ಯಾಯಜಿಲ್ಲೆಗಳಾಗಿ ಹಂಚಿದ್ದಾರೆ. ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿದ ಮೇಲೆ ಆ ವಿಚಾರಣಾ ನ್ಯಾಯಾಧೀಶ ಬದುಕಿರುವ ತನಕ ಆ ಕುರ್ಚಿಯಲ್ಲಿ ಇರಬಹುದು. ನಮ್ಮಲ್ಲಿ ಹಾಗೆ ಎರಡು ಸಾಲಿಲ್ಲ. ದೆಹಲಿಯಲ್ಲಿ ಮಾಡಿದ ಕಾನೂನಾಗಲಿ ಬೆಂಗಳೂರಿನಲ್ಲಿ ಮಾಡಿದ್ದಾಗಲಿ, ಎರಡನ್ನೂ ಮೊದಲು ವಿಚಾರಿಸುವುದು ತಾಲ್ಲೂಕಿನ, ಜಿಲ್ಲೆಯ ಅದೇ ನ್ಯಾಯಾಧೀಶರು. ಸಿಬಿಐನ ವಿಶೇಷ ಕೋರ್ಟು ಎಂದು ಹೆಸರು ದೊಡ್ಡದಿದ್ದರೂ ಒಳಗೆ ಕೂತವರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರೇ. ಕರ್ನಾಟಕದಲ್ಲಿ ಅವರಿಗೆ ಅರುವತ್ತಕ್ಕೆ ನಿವೃತ್ತಿ. ಅಷ್ಟರೊಳಗೆ ಮೂರು ಮೂರು ವರ್ಷಕ್ಕೊಂದು ಊರು.

ಈ ಊರೂರು ತಿರುಗುವ ಬದುಕಿನ ಬಗ್ಗೆ ಹೇಳಲೇಬೇಕು. ಸರ್ಕಾರಿ ನೌಕರರಿಗೆಲ್ಲ ವರ್ಗಾವಣೆ ಇದೆ, ನಿಜ. ಆದರೆ ತಹಶೀಲ್ದಾರರು ಊರಿಗೆ ಬಂದ ವಾರಕ್ಕೆ ನಾಲ್ಕು ಮನೆಯ ಚಹಾ ಕುಡಿದಿರುತ್ತಾರೆ, ಜಾತ್ರೆಯಲ್ಲಿ ತೇರಿನ ಮುಂದೆ ನಿಂತಿರುತ್ತಾರೆ. ನ್ಯಾಯಾಧೀಶರಿಗೆ ಅದಿಲ್ಲ. ಯಾರ ಮದುವೆಯ ಊಟಕ್ಕೆ ಕೂತರೆ ನಾಳೆ ಅವರದೇ ದಾವೆ ಬರುತ್ತದೋ ಎಂಬ ಎಚ್ಚರ. ಬಾಡಿಗೆ ಮನೆಯ ಯಜಮಾನನ ಜೊತೆಗೂ ಅಳೆದು ಮಾತು. ಮಕ್ಕಳು ಒಂದು ಶಾಲೆಯಲ್ಲಿ ಗೆಳೆಯರನ್ನು ಮಾಡಿಕೊಳ್ಳುವ ಹೊತ್ತಿಗೆ ಲಾರಿ ಬಂದು ಸಾಮಾನು ತುಂಬಿಕೊಳ್ಳುತ್ತದೆ. 1997ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ತಮಗೆ ತಾವೇ ಹಾಕಿಕೊಂಡ ನಡತೆಯ ನಿಯಮಗಳಲ್ಲಿ, ಹುದ್ದೆಯ ಘನತೆಗೆ ತಕ್ಕಷ್ಟು ದೂರ ಕಾಯ್ದುಕೊಳ್ಳಬೇಕು ಎಂಬುದೂ ಒಂದು. ತಾಲ್ಲೂಕಿನ ನ್ಯಾಯಾಧೀಶರಿಗೆ ಅದನ್ನು ಬರೆದು ಹೇಳುವ ಅಗತ್ಯವೇ ಇಲ್ಲ. ಚಿಕ್ಕ ಊರಿನಲ್ಲಿ ಅವರ ಸಂಜೆಯ ವಾಕಿಂಗ್ ಕೂಡ ಒಂಟಿಯದು. ಅದನ್ನು ಕಂಡಾಗಲೆಲ್ಲ ನನಗೆ ಗೌರವ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಥಾಮಸ್ ಮನ್ರೋ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ. 1800ರಲ್ಲಿ ನಿಜಾಮ ನಮ್ಮ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಮುಖ್ಯ ಕಲೆಕ್ಟರಾಗಿ ಬಂದು 1807ರ ತನಕ ಇದ್ದವನು ಅವನು. ಹಳ್ಳಿಹಳ್ಳಿ ತಿರುಗಿ, ಡೇರೆಯಲ್ಲಿ ಮಲಗಿ, ರೈತರ ಮಾತು ಕೇಳಿದವನು. ಜನರ ಮುಖಪರಿಚಯ ಇಲ್ಲದ ಜಡ್ಜು ದೂರದ ಪಟ್ಟಣದಲ್ಲಿ ಕೂತು ಏನು ನ್ಯಾಯ ಹೇಳಿಯಾನು ಎಂಬುದು ಅವನ ವಾದದ ತಿರುಳು. ಅವನ ನೇತೃತ್ವದ ಸಮಿತಿಯ ಕೆಲಸದಿಂದಲೇ 1816ರಲ್ಲಿ ಮದ್ರಾಸ್ ಸರ್ಕಾರ ಊರ ಗೌಡರಿಗೆ ಗ್ರಾಮ ಮುನ್ಸೀಫರ ಅಧಿಕಾರ ಕೊಟ್ಟಿತು. ಜೊತೆಗೆ ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟ್ ಅಧಿಕಾರವನ್ನು ಜಡ್ಜಿನ ಕೈಯಿಂದ ತೆಗೆದು ಕಲೆಕ್ಟರಿಗೆ ಒಪ್ಪಿಸಿತು. ಈ ಎರಡನೆಯದು ನನಗೆ ಎಂದೂ ಸರಿ ಕಂಡಿಲ್ಲ. ಹಿಡಿದು ತರುವವರ ಯಜಮಾನನೇ ಶಿಕ್ಷೆ ಕೊಡುವವನೂ ಆದರೆ ಬಡವ ಎಲ್ಲಿಗೆ ಹೋಗಬೇಕು? ಆ ಗಂಟು ದೇಶದುದ್ದಕ್ಕೂ ಬಿಚ್ಚಿದ್ದು 1974ರ ಏಪ್ರಿಲ್ 1ಕ್ಕೆ, ಹೊಸ ದಂಡಪ್ರಕ್ರಿಯಾ ಸಂಹಿತೆ ಜಾರಿಗೆ ಬಂದಾಗ. ಇನ್ನು ಗೌಡನ ನ್ಯಾಯ. ಗೌಡನಿಗೆ ಎಲ್ಲರ ಮುಖ ಗೊತ್ತು, ಸರಿ. ಯಾವ ಮುಖದವನು ತನ್ನ ಮುಂದೆ ಕೂರಬೇಕು, ಯಾವನು ನಿಲ್ಲಬೇಕು ಎಂಬುದೂ ಗೊತ್ತು. ಗುರುತಿಲ್ಲದ ಊರಿನಿಂದ ಬಂದು, ಗುರುತಿಲ್ಲದವನಾಗಿಯೇ ಹೋಗುವ ನ್ಯಾಯಾಧೀಶನ ಎದುರು ಎಲ್ಲರೂ ನಿಂತೇ ಮಾತಾಡಬೇಕು.

ನಿಂತು ಎಂದೆ. ಅದಕ್ಕೆ ನಾನೇ ಕಂಡ ಒಂದು ಅಪವಾದವಿದೆ. ನಮ್ಮ ದೊಡ್ಡಪ್ಪನ ಸಾಕ್ಷಿಯ ದಿನ.

ಎಂಬತ್ತರ ದಶಕ. ನಮ್ಮ ಸಿರುಗುಪ್ಪ ಸೀಮೆಯಲ್ಲಿ ಜಗಳ ಎಂದರೆ ಬಹುಪಾಲು ನೀರಿನ ಜಗಳ. ವಿಜಯನಗರದ ಕಾಲದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಇನ್ನೂ ಹರಿಯುತ್ತವೆ. ಅದರ ಮೇಲೆ ತುಂಗಭದ್ರಾ ಅಣೆಕಟ್ಟಿನ ಕೆಳದಂಡೆ ಕಾಲುವೆ. ಎಲ್ಲಿ ನೋಡಿದರೂ ಭತ್ತ, ಎಲ್ಲಿ ನೋಡಿದರೂ ತೂಬು. ನಾಟಿಯ ಹೊತ್ತಿಗೆ ಒಂದು ಸರದಿ ತಪ್ಪಿದರೆ ಸಸಿ ಮಡಿಯಲ್ಲೇ ಬಲಿಯುತ್ತದೆ. ನಮ್ಮ ಹೊಲಕ್ಕೆ ಬರಬೇಕಾದ ನೀರನ್ನು ರಾತ್ರಿ ಯಾರೋ ಮೇಲಿನ ಗದ್ದೆಗೆ ತಿರುಗಿಸಿದರು. ಅದರಿಂದ ದಾವೆ ಹುಟ್ಟಿತು, ಪರಿಹಾರಕ್ಕೂ ಪ್ರತಿಬಂಧಕಾಜ್ಞೆಗೂ. ದೊಡ್ಡಪ್ಪ ನಮ್ಮ ಕಡೆಯ ಮುಖ್ಯ ಸಾಕ್ಷಿ, ಏಕೆಂದರೆ ಆ ರಾತ್ರಿ ತೂಬಿನ ಹತ್ತಿರ ಹೋದವನು ಅವನೇ.

ವಾಯಿದೆಯ ಮೇಲೆ ವಾಯಿದೆ ಬಿದ್ದು ಕೊನೆಗೊಂದು ದಿನ ಜವಾನ ಅವನ ಹೆಸರನ್ನು ಮೂರು ಸಲ ಕೂಗಿದ. ಕಟಕಟೆ ಏರುವಾಗ ದೊಡ್ಡಪ್ಪನ ಮೊಣಕಾಲು ನಡುಗಿತು. ವಯಸ್ಸು ಎಪ್ಪತ್ತರ ಮೇಲೆ. ತಾಲ್ಲೂಕಿನ ನ್ಯಾಯಾಧೀಶರಾದ ಮುನ್ಸೀಫರು ಕಡತದಿಂದ ತಲೆಯೆತ್ತಿ ನೋಡಿ, ಜವಾನನಿಗೆ ಒಂದು ಸ್ಟೂಲು ತರಲು ಹೇಳಿದರು. "ಕೂತ್ಕೊಂಡು ಹೇಳಿ ಅಜ್ಜ, ಅವಸರ ಇಲ್ಲ." ಅಷ್ಟೇ ಮಾತು. ಊರಿನ ಪಂಚಾಯಿತಿ ಕಟ್ಟೆಯ ಮುಂದೆ ಬದುಕಿಡೀ ನಿಂತೇ ಮಾತಾಡಿದ್ದ ಮನುಷ್ಯ ಅಂದು ಸರ್ಕಾರದ ಸ್ಟೂಲಿನ ಮೇಲೆ ಕೂತು ಸಾಕ್ಷಿ ಹೇಳಿದ.

ಎದುರು ಪಕ್ಷದ ವಕೀಲರದು ಪಾಟಿ ಸವಾಲಿನಲ್ಲಿ ಗಟ್ಟಿ ಕೈ.

"ನೀವು ತೂಬಿನ ಹತ್ರ ಹೋದಾಗ ಟೈಮ್ ಎಷ್ಟಾಗಿತ್ತು?"

"ಬೆಳ್ಳಿ ಮೂಡಿತ್ರೀ. ಕೋಳಿ ಕೂಗಿದ್ದಿಲ್ಲ."

"ಅದನ್ನ ಕೇಳಲಿಲ್ಲ. ನಾಲ್ಕೋ, ಐದೋ?"

"ಗಡಿಯಾರ ಎಲ್ಲಿತ್ರೀ ನನ್ನ ಹತ್ರ? ಬೆಳ್ಳಿ ಮೂಡಿತ್ತು, ಕೋಳಿ ಕೂಗಿದ್ದಿಲ್ಲ."

ವಕೀಲರು ಮೂರನೆಯ ಸಲ ಕೇಳಲು ಹೊರಟಾಗ ಮುನ್ಸೀಫರು ಕೈಯೆತ್ತಿ ತಡೆದರು. "ಸಾಕ್ಷಿ ಹೇಳಿದ್ದನ್ನೇ ಬರೆದುಕೊಳ್ಳೋಣ" ಎಂದು ಬಾಯಿಬಿಟ್ಟು ಹೇಳುತ್ತಾ ತಾವೇ ಬರೆದರು: ಬೆಳ್ಳಿ ಮೂಡಿತ್ತು, ಕೋಳಿ ಕೂಗಿರಲಿಲ್ಲ. ಆಮೇಲೆ ಹೇಳಿಕೆಯನ್ನು ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು.

ಸಾಕ್ಷಿಯ ಬಾಯಲ್ಲಿ ಬಂದ ಮಾತು ಅದೇ ಮಾತಾಗಿ ಕಾಗದಕ್ಕೆ ಇಳಿಯುವುದು ಎಷ್ಟು ಕಷ್ಟ ಎಂದು ತಂಗಿಯ ಮಗಳಿಗೆ ಈಗೀಗ ತಿಳಿಯುತ್ತಿದೆ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗಿನ ಬಳ್ಳಾರಿಯ ಕೋರ್ಟಿನ ದಿನವೊಂದನ್ನು ಊಹಿಸಿಕೊಳ್ಳಿ. ಸಾಕ್ಷಿ ಕನ್ನಡದವನು, ವಕೀಲರು ತೆಲುಗಿನವರು, ಬರಹ ಇಂಗ್ಲಿಷಿನದು. ಬಳ್ಳಾರಿ ರಾಘವರು, ತಾಡಿಪತ್ರಿಯಲ್ಲಿ 1880ರಲ್ಲಿ ಹುಟ್ಟಿ ಇಲ್ಲಿ ವಕೀಲರಾಗಿದ್ದ ಆ ಮಹಾನಟರು, ಹಗಲು ಕೋರ್ಟಿನಲ್ಲಿ ನಿಂತು ರಾತ್ರಿ ರಂಗದ ಮೇಲೆ ನಿಲ್ಲುತ್ತಿದ್ದರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರೂ ವಕೀಲರೇ, ನಾಟಕಕಾರರೇ. ಇನ್ನೊಬ್ಬ ನಾಟಕಕಾರ ಕೋಲಾಚಲಂ ಶ್ರೀನಿವಾಸರಾಯರೂ ಇದೇ ಬಳ್ಳಾರಿಯ ವಕೀಲರು. ಒಂದೇ ಊರಿನ ಕೋರ್ಟಿನಿಂದ ಇಷ್ಟು ಜನ ರಂಗಭೂಮಿಗೆ ಹೋದದ್ದು ನನಗೆ ಆಶ್ಚರ್ಯ ಎನ್ನಿಸುವುದಿಲ್ಲ. ಮನುಷ್ಯನ ಮಾತಿಗೂ ಮುಖಕ್ಕೂ ನಡುವಿನ ಅಂತರವನ್ನು ದಿನವೂ ಹತ್ತಿರದಿಂದ ನೋಡುವ ಜಾಗ ಕೋರ್ಟಿನ ಹಾಲ್ ಬಿಟ್ಟರೆ ಇನ್ನಾವುದಿದೆ?

ಆ ಅಂತರವನ್ನು ಗಮನಿಸಿ ಬರೆದಿಡಿ ಎಂದು ಕಾನೂನೇ ವಿಚಾರಣಾ ನ್ಯಾಯಾಧೀಶರಿಗೆ ಹೇಳುತ್ತದೆ. 1973ರ ದಂಡಪ್ರಕ್ರಿಯಾ ಸಂಹಿತೆಯ 280ನೆಯ ಕಲಮಿನಲ್ಲಿ, ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯ ಎನ್ನಿಸಿದ್ದನ್ನು ದಾಖಲಿಸಬೇಕು ಎಂದಿತ್ತು. ಬೆವರಿದನೆ, ತಡವರಿಸಿದನೆ, ಕಣ್ಣು ತಪ್ಪಿಸಿದನೆ. ಮೇಲಿನ ಕೋರ್ಟಿಗೆ ಹೋಗುವುದು ಕಾಗದ ಮಾತ್ರ. ಸೆಷನ್ಸ್ ನ್ಯಾಯಾಧೀಶರು ಕೊಟ್ಟ ಮರಣದಂಡನೆಗೆ ಹೈಕೋರ್ಟಿನ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡುವವರು ಸಾಮಾನ್ಯವಾಗಿ ಒಬ್ಬ ಸಾಕ್ಷಿಯ ಮುಖವನ್ನೂ ಕಂಡಿರುವುದಿಲ್ಲ. 2002ರ ತಿದ್ದುಪಡಿಯ ಮೇಲೆ ಸಿವಿಲ್ ದಾವೆಯಲ್ಲಿ ಮೂಲ ಸಾಕ್ಷ್ಯವೇ ಪ್ರಮಾಣಪತ್ರದ ರೂಪದಲ್ಲಿ ಬರುತ್ತದೆ. ವಕೀಲರ ಕಚೇರಿಯಲ್ಲಿ ಟೈಪಾಗಿ, ಸಾಕ್ಷಿ ಸಹಿ ಹಾಕಿ, ನೇರ ಪಾಟಿ ಸವಾಲಿಗೆ ಬರುತ್ತಾನೆ. ಸಮಯ ಉಳಿಯಿತು, ಒಪ್ಪುತ್ತೇನೆ. ಆದರೆ ದೊಡ್ಡಪ್ಪ ಇಂದು ಸಾಕ್ಷಿ ಹೇಳಿದ್ದರೆ ಆ ಪ್ರಮಾಣಪತ್ರದಲ್ಲಿ 'ಬೆಳಗಿನ ಜಾವ ಸುಮಾರು 4-30 ಗಂಟೆಗೆ' ಎಂದಿರುತ್ತಿತ್ತು. ಬೆಳ್ಳಿಯೂ ಇರುತ್ತಿರಲಿಲ್ಲ, ಕೋಳಿಯೂ.

"ಹಂಗಾದ್ರ ಸಾಕ್ಷಿಯ ಮುಖ ನೋಡಿದ ಜಡ್ಜೇ ತೀರ್ಪು ಬರೀಬೇಕಲ್ಲ ಮಾವ?" ಅಂದಳು ಹುಡುಗಿ.

ಬರೆಯಬೇಕು. ಆದರೆ ಬಹಳ ಸಲ ಬರೆಯುವುದಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ನಡೆದ, ದೇಶವೇ ನೋಡಿದ ಒಂದು ಮೊಕದ್ದಮೆಯ ಕತೆ ಹೇಳಿದೆ.

ಜಾನ್ ಮೈಕಲ್ ಕುನ್ಹಾ ಮಂಗಳೂರಿನವರು. ಅಲ್ಲಿ ವಕೀಲಿಕೆ ಮಾಡಿ, 2002ರಲ್ಲಿ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಿ ಆಯ್ಕೆಯಾದರು. ವಕೀಲರಾಗಿ ಏಳು ವರ್ಷ ಕಳೆದವರು ಹೀಗೆ ನೇರ ಬರಲು ಸಂವಿಧಾನದ 233ನೆಯ ವಿಧಿ ದಾರಿ ಇಟ್ಟಿದೆ. ಹತ್ತು ಹನ್ನೊಂದು ವರ್ಷ ಅವರ ಹೆಸರು ಕೋರ್ಟಿನ ಹೊರಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2013ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಒಂದು ವಿಶೇಷ ನ್ಯಾಯಾಲಯಕ್ಕೆ ಅವರನ್ನು ನೇಮಿಸಿದರು. ಅಲ್ಲಿದ್ದದ್ದು ತಮಿಳುನಾಡಿನ ಜೆ. ಜಯಲಲಿತಾ ಅವರ ಅಕ್ರಮ ಆಸ್ತಿಯ ಮೊಕದ್ದಮೆ, 1991ರಿಂದ 1996ರ ತನಕದ ಅವಧಿಯದು. ಕುನ್ಹಾ ಅವರಿಗಿಂತ ಮೊದಲು ಅದನ್ನು ನಡೆಸುತ್ತಿದ್ದ ನ್ಯಾಯಾಧೀಶರು ನಿವೃತ್ತರಾಗಿದ್ದರು. ಅವರಿಗೂ ಹಿಂದೆ ಬೇರೆಯವರು, ಅವರಿಗೂ ಹಿಂದೆ ಮತ್ತೊಬ್ಬರು.

ಆ ಮೊಕದ್ದಮೆ ನಮ್ಮ ರಾಜ್ಯಕ್ಕೆ ಬಂದದ್ದೇ ಸಾಕ್ಷಿಗಳ ಕಾರಣಕ್ಕೆ. ಚೆನ್ನೈನಲ್ಲಿ ವಿಚಾರಣೆ ನಡೆಯುತ್ತಿದ್ದಾಗ ಜಯಲಲಿತಾ ಮತ್ತೆ ಅಧಿಕಾರಕ್ಕೆ ಬಂದರು. ಆಗ 76 ಸಾಕ್ಷಿಗಳನ್ನು ಮರಳಿ ಕರೆದು ಪಾಟಿ ಸವಾಲು ಮಾಡಲಾಯಿತು, 64 ಮಂದಿ ಮೊದಲು ಹೇಳಿದ್ದರಿಂದ ಹಿಂದೆ ಸರಿದರು. ಆ ಅರುವತ್ತನಾಲ್ಕು ಜನ ಹೆದರಿದ್ದರೆ ಅವರನ್ನು ನಾನು ಬಯ್ಯಲಾರೆ. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಬೆಂಗಳೂರಿಗೆ ವರ್ಗಾಯಿಸಿತು. ಚೆನ್ನೈನಲ್ಲಿ ಯಾರ ಹಂಗೂ ಇಲ್ಲದ, ಯಾರಿಗೂ ಅಂಜಬೇಕಿಲ್ಲದ ಒಬ್ಬ ಹೊರಗಿನ ನ್ಯಾಯಾಧೀಶ ಬೇಕಾಗಿತ್ತು. ರಾಶಿ ಕಡತ ತಮಿಳಿನಿಂದ ಇಂಗ್ಲಿಷಿಗೆ ಅನುವಾದವಾಗಬೇಕಾಯಿತು. ಅದರಲ್ಲೇ ವರ್ಷಗಳು ಸರಿದವು.

ಹೀಗೆ ಕುನ್ಹಾ ಅವರ ಕೈಗೆ ಬಂದದ್ದು 259 ಪ್ರಾಸಿಕ್ಯೂಷನ್ ಸಾಕ್ಷಿಗಳು, 99 ಪ್ರತಿವಾದಿ ಸಾಕ್ಷಿಗಳು ಬಿಟ್ಟುಹೋದ ಮಾತಿನ ಕಾಗದ. ಆ ಮುಖಗಳನ್ನು ಕಂಡವರು ಹಿಂದಿನ ನ್ಯಾಯಾಧೀಶರು. ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆ ಮುಂದಿನವರು ತೀರ್ಪು ಕೊಡಬಹುದೆಂದು ಅದೇ ದಂಡಪ್ರಕ್ರಿಯಾ ಸಂಹಿತೆಯ 326ನೆಯ ಕಲಮು ಒಪ್ಪಿತ್ತು. ಅಂಥದೊಂದು ಕಲಮಿಲ್ಲದಿದ್ದರೆ ವರ್ಗಾವಣೆಯ ನಮ್ಮ ವ್ಯವಸ್ಥೆ ಒಂದು ದಿನವೂ ನಡೆಯುವುದಿಲ್ಲ.

ಅವರು ಆ ಕಾಗದವನ್ನು ಓದಿದ ಬಗೆ ಇದೆಯಲ್ಲ, ನನಗೆ ಅದರ ಮೇಲೆ ಪ್ರೀತಿ. ಆಪಾದನೆಯಲ್ಲಿದ್ದ ಮೊತ್ತ 66 ಕೋಟಿ 65 ಲಕ್ಷ. ಅದನ್ನು ಹಾಗೆಯೇ ನುಂಗಲಿಲ್ಲ. ಒಂದೊಂದು ಬಾಬ್ತನ್ನೂ ಬೇರೆ ಮಾಡಿ ತೂಗಿದರು. ಜಯಲಲಿತಾ ಅವರ ಸಾಕುಮಗನ ಮದುವೆಯ ಖರ್ಚು 6 ಕೋಟಿ 45 ಲಕ್ಷ ಎಂದು ಪ್ರಾಸಿಕ್ಯೂಷನ್ ಹೇಳಿದ್ದರೆ, ಪುರಾವೆ ಇರುವುದು ಇಷ್ಟಕ್ಕೆ ಎಂದು 3 ಕೋಟಿಗೆ ಇಳಿಸಿದರು. ಆರೋಪಿಯ ಪರವಾಗಿ ಇಳಿಸಬೇಕಾದ ಕಡೆ ಇಳಿಸಿ, ಕೊನೆಗೆ 53 ಕೋಟಿ 60 ಲಕ್ಷ ಉಳಿಯಿತು. 2014ರ ಸೆಪ್ಟೆಂಬರ್ 27, ಶನಿವಾರ, ಪರಪ್ಪನ ಅಗ್ರಹಾರದ ಜೈಲಿನ ಆವರಣದಲ್ಲೇ ಕೋರ್ಟು ಹಾಕಿ ತೀರ್ಪು ಓದಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗೆ ನಾಲ್ಕು ವರ್ಷ ಸಜೆ, 100 ಕೋಟಿ ದಂಡ.

ಎಂಟು ತಿಂಗಳಾಗುವುದರೊಳಗೆ, 2015ರ ಮೇ 11ರಂದು, ಹೈಕೋರ್ಟು ಎಲ್ಲರನ್ನೂ ಖುಲಾಸೆ ಮಾಡಿತು. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇಕಡಾ 8.12 ಮಾತ್ರ, ಅದು ಹತ್ತರ ಒಳಗಿದೆ ಎಂದಿತು. ಆಗ ತೀರ್ಪಿನ ಒಂದು ಪಟ್ಟಿಯನ್ನು ಕೂಡಿ ನೋಡಿದವರಿಗೆ ಸಾಲಗಳ ಮೊತ್ತ ತಪ್ಪಿರುವುದು ಕಂಡಿತು. ಬಿಡಿ ಅಂಕಿಗಳನ್ನು ಕೂಡಿದರೆ 10 ಕೋಟಿ 67 ಲಕ್ಷ ಬರುತ್ತಿತ್ತು, ತೀರ್ಪಿನಲ್ಲಿ 24 ಕೋಟಿ 17 ಲಕ್ಷ ಎಂದಿತ್ತು. ಇದನ್ನು ನಾನು ಯಾರನ್ನೂ ಹಳಿಯಲು ಹೇಳುತ್ತಿಲ್ಲ. ಕೆಳಗಿನ ಕೋರ್ಟಿನ ನ್ಯಾಯಾಧೀಶರು ಒಂದೊಂದು ಚೀಟಿಗೂ ಕೊಟ್ಟ ಸಮಯ ಎಂಥದೆಂದು ಆ ಕೂಡುವ ಲೆಕ್ಕದಿಂದ ನನಗೆ ತಿಳಿಯಿತು. 2016ರ ಡಿಸೆಂಬರ್ 5ರಂದು ಜಯಲಲಿತಾ ತೀರಿಹೋದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಹೈಕೋರ್ಟಿನ ತೀರ್ಪನ್ನು ರದ್ದುಮಾಡಿ, ಅವರ ಜೊತೆ ಆರೋಪಿಗಳಾಗಿದ್ದ ಉಳಿದ ಮೂವರ ಮಟ್ಟಿಗೆ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿದರು. ಕುನ್ಹಾ ಅಷ್ಟರಲ್ಲಿ, 2016ರಲ್ಲಿ, ಹೈಕೋರ್ಟಿನ ನ್ಯಾಯಮೂರ್ತಿ ಆಗಿದ್ದರು. 2021ರಲ್ಲಿ ನಿವೃತ್ತರಾದರು. ಖುಲಾಸೆಯಿಂದ ಸುಪ್ರೀಂ ಕೋರ್ಟಿನ ತೀರ್ಪಿನ ತನಕದ ಆ ಸುಮಾರು ಎರಡು ವರ್ಷ, ತಾವು ಬರೆದದ್ದು ತಪ್ಪು ಎಂದು ಮೇಲಿನ ಕೋರ್ಟು ಹೇಳಿದ್ದನ್ನು ಹೊತ್ತುಕೊಂಡು, ಬಾಯಿ ಬಿಡದೆ, ದಿನದ ಕೆಲಸಕ್ಕೆ ಹೋಗಿ ಬಂದರಲ್ಲ, ಆ ಸಹನೆ ಯಾವ ಪರೀಕ್ಷೆಯಲ್ಲೂ ಕೇಳದ ಪ್ರಶ್ನೆ.

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಇದೇ ಹೊಳೆಯ ದಂಡೆಯಲ್ಲಿ ಕೂತು ನ್ಯಾಯಾಧೀಶರ ವಿಷಯ ಮಾತಾಡುವಾಗ ಇನ್ನೊಬ್ಬರನ್ನು ನೆನೆಯದೆ ಎದ್ದರೆ ತಪ್ಪಾಗುತ್ತದೆ. 1953ರಲ್ಲಿ ಆಂಧ್ರ ರಾಜ್ಯ ಆಗುವಾಗ ನಮ್ಮ ಜಿಲ್ಲೆಯನ್ನು ಒಡೆದರು. ಆದವಾನಿ, ಆಲೂರು, ರಾಯದುರ್ಗ ಆ ಕಡೆಗೆ. ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ ಮೈಸೂರಿನ ಕಡೆಗೆ. ಬಳ್ಳಾರಿ ತಾಲ್ಲೂಕು ಮಾತ್ರ ತೀರ್ಮಾನವಾಗದೆ ನಿಂತಿತು. ಅದನ್ನು ವಿಚಾರಿಸಲು ಬಂದವರು ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರ. ಎರಡೂ ಕಡೆಯವರ ಮಾತು ಕೇಳಿ, ಬಳ್ಳಾರಿ ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟರು. ಅಕ್ಟೋಬರ್ 1ರಂದು ಸೇರಿತು. ದೊಡ್ಡಪ್ಪನ ಮಾತು ಕನ್ನಡದಲ್ಲೇ ಕಾಗದಕ್ಕೆ ಇಳಿಯುವಂತಾದದ್ದಕ್ಕೆ ಆ ಹೊರಗಿನ ನ್ಯಾಯಾಧೀಶರಿಗೂ ನಾನು ಋಣಿ. ಕನ್ನಡದಲ್ಲಿ ತೀರ್ಪು ಬರೆದು ಹೆಸರಾದ ನ್ಯಾಯಮೂರ್ತಿ ಅರಳಿ ನಾಗರಾಜರಂಥವರು ಆ ದಾರಿಯನ್ನು ಮುಂದಕ್ಕೆ ಒಯ್ದರು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಹಾಗೆ ಬರೆಯುವ ನ್ಯಾಯಾಧೀಶರನ್ನು ಗೌರವಿಸುತ್ತಲೂ ಬಂದಿದೆ. ಸಾಲದು. ಸೋತವನಿಗೆ ತಾನು ಯಾಕೆ ಸೋತೆ ಎಂದು ಬೇರೆಯವರಿಂದ ಓದಿಸಿಕೊಳ್ಳದೆ ತಿಳಿಯಬೇಕು.

"ತಾತನ ಕೇಸು ಏನಾತು?" ತಂಗಿಯ ಮಗಳು ಮರೆತಿರಲಿಲ್ಲ.

ಸ್ಟೂಲು ಕೊಟ್ಟ ಮುನ್ಸೀಫರಿಗೆ ಅದೇ ಬೇಸಿಗೆಯಲ್ಲಿ ವರ್ಗ ಆಯಿತು. ಅವರ ಹೆಸರು ಕೂಡ ನಮ್ಮ ಮನೆಯವರಿಗೆ ನೆನಪಿಲ್ಲ. ಆಮೇಲೆ ಒಬ್ಬರು ಬಂದು ಹೋದರು. ಮೂರನೆಯವರು ತೀರ್ಪು ಬರೆದರು. ದೊಡ್ಡಪ್ಪನ ಮುಖವನ್ನು ಅವರು ನೋಡಿಯೇ ಇರಲಿಲ್ಲ. ನೀರಿನ ಸರದಿಯ ಹಕ್ಕು ನಮ್ಮದೆಂದು ಎತ್ತಿಹಿಡಿದರು, ಅದಕ್ಕೆ ಅಡ್ಡಿ ಮಾಡಕೂಡದೆಂದು ಆಜ್ಞೆ ಕೊಟ್ಟರು. ಆದರೆ ಆ ರಾತ್ರಿ ತೂಬು ತಿರುಗಿಸಿದವರು ಇಂಥವರೇ ಎಂಬುದು ರುಜುವಾತಾಗಿಲ್ಲ, ಬೆಳ್ಳಿ ಮೂಡಿ ಕೋಳಿ ಕೂಗುವ ಮುಂಚಿನ ಕತ್ತಲಲ್ಲಿ ದೂರದಿಂದ ಮುಖ ಗುರುತಿಸುವುದು ಕಷ್ಟ ಎಂದು ಪರಿಹಾರದ ಕೇಳಿಕೆಯನ್ನು ತಳ್ಳಿಹಾಕಿದರು.

ನಮ್ಮ ಅಪ್ಪನಿಗೆ ಸಿಟ್ಟು ಬಂತು. "ಐದೂವರಿ ಅಂದಿದ್ರ ಆಗ್ತಿತ್ತಲ್ಲಣ್ಣ" ಎಂದು ಹಲುಬಿದರು. ದೊಡ್ಡಪ್ಪ ತೀರ್ಪಿನ ನಕಲನ್ನು ನನ್ನ ಕೈಗೆ ಕೊಟ್ಟು, ತನ್ನ ಮಾತು ಎಲ್ಲಿದೆ ತೋರಿಸು ಅಂದ. ಓದಿ ಹೇಳಿದೆ. ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೇ ಏನ?" ಅಂದ. "ಹೂಂ" ಅಂದೆ. "ನಾ ಅಂದದ್ದನ್ನ ಅಂದಂಗೇ ಬರ್ದಾರ ನೋಡು" ಎಂದು ಅಪ್ಪನ ಕಡೆ ತಿರುಗಿದ.

ಆ ನಕಲು ಈಗಲೂ ನಮ್ಮ ಟ್ರಂಕಿನಲ್ಲಿದೆ. ಮಡಿಕೆಗಳಲ್ಲಿ ಹರಿದಿದೆ. ಕತ್ತಲಾಗುವ ಮುಂಚೆ ಬಂಡೆಯಿಂದೆದ್ದು ಮನೆಗೆ ಹೋಗಿ ಅದನ್ನು ತೆಗೆದು ತಂಗಿಯ ಮಗಳಿಗೆ ಕೊಟ್ಟೆ. ಅವಳು ದೀಪದ ಕೆಳಗೆ ನಿಂತು ಬಹಳ ಹೊತ್ತು ಓದಿದಳು. ಬೆಳಿಗ್ಗೆ ಎಂಟರ ಬಸ್ಸಿಗೆ ಕೋರ್ಟಿಗೆ ಹೊರಟಾಗ, ಕರಿಕೋಟಿನ ಜೊತೆಗೆ ಅದರ ಜೆರಾಕ್ಸ್ ಪ್ರತಿಯೊಂದು ಅವಳ ಚೀಲದಲ್ಲಿತ್ತು.